ತುರುಚೆಯ ಗಂಡು, ಹಾಲಿಯ ಹೆಣ್ಣು

ಜೂನ್ ತಿಂಗಳ ಬಿಸಿಲು ಬಿದ್ದ ಬೆಳಿಗ್ಗೆ ಐರ್ಲೆಂಡಿನ ಟಾಲಾದ ಪಕ್ಕದಲ್ಲೇ ಹರಿಯುವ ಡಾಡರ್ ನದಿಯ ದಂಡೆಗೆ ಹೋಗಿ, ಎದೆಯೆತ್ತರ ಬೆಳೆದ ತುರುಚೆ ಗಿಡಗಳ ಮುಂದೆ ಸುಮ್ಮನೆ ನಿಂತು ನೋಡಿ. ಕೈ ಮಾತ್ರ ತಾಗಿಸಬೇಡಿ! ಇಬ್ಬನಿ ಆರಿ ಗಿಡ ಬೆಚ್ಚಗಾಗುತ್ತಿದ್ದಂತೆ ಹೂಗೊಂಚಲೊಂದರಿಂದ ಚಿಟಿಕೆ ಧೂಳು ಚಿಮ್ಮುತ್ತದೆ. ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ಪಕ್ಕದ ಗೊಂಚಲಿನಿಂದ ಇನ್ನೊಂದು. ಗಾಳಿಯಿಲ್ಲ, ದುಂಬಿಯಿಲ್ಲ, ಯಾರೂ ಮುಟ್ಟಿಲ್ಲ. ಗಿಡ ತಾನಾಗಿಯೇ ಪರಾಗವನ್ನು ಎಸೆಯುತ್ತಿದೆ!

ಭೂತಗನ್ನಡಿ ಹಿಡಿದರೆ ಗುಟ್ಟು ಬಯಲಾಗುತ್ತದೆ. ಸಾಸಿವೆಗಿಂತ ದೊಡ್ಡದಲ್ಲದ ಹಸಿರು ಹೂ, ಒಳಗೆ ನಾಲ್ಕು ಕೇಸರ. ನಾಲ್ಕೂ ಒಳಮುಖವಾಗಿ ಮಡಚಿಕೊಂಡು ಬಿಗಿಯಾಗಿ ಕೂತಿರುತ್ತವೆ. ಬಿಸಿಲಿಗೆ ತೇವ ಆರಿದಾಗ, ಬಗ್ಗಿಸಿ ಹಿಡಿದ ಬಿದಿರುಕಡ್ಡಿಯನ್ನು ಬಿಟ್ಟಂತೆ ಫಟ್ಟನೆ ನೆಟ್ಟಗಾಗಿ ಪರಾಗವನ್ನು ಹಾರಿಸುತ್ತವೆ. ಆದರೆ ಎಲ್ಲ ತುರುಚೆ ಗಿಡಗಳೂ ಹೀಗೆ ಮಾಡುವುದಿಲ್ಲ. ಸಾಮಾನ್ಯವಾಗಿ ಈ ಜಾತಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹೆಣ್ಣಿನ ಗೊಂಚಲು ಬೀಜದ ಭಾರಕ್ಕೆ ಜೋತುಬಿದ್ದಿರುತ್ತದೆ. ದಿನವೂ ದಾಟಿಹೋಗುವ ಕಳೆಗಿಡದೊಳಗೆ ಇಷ್ಟು ದೊಡ್ಡ ಸಂಸಾರ!

ಇದರ ದೂರದ ನಂಟ ನಮ್ಮ ರಾಮನಗರದ ರೇಷ್ಮೆಯ ಹಿಪ್ಪುನೇರಳೆ. ಬಿಳಿ ಹಿಪ್ಪುನೇರಳೆಯ ಕೇಸರವೂ ಹೀಗೆಯೇ ಸಿಡಿಯುತ್ತದೆ, ಆದರೆ ಅದರ ವೇಗ ಶಬ್ದದ ವೇಗದ ಅರ್ಧಕ್ಕೂ ಹೆಚ್ಚು. ಗಿಡಗಳ ಲೋಕದಲ್ಲಿ ಅಳೆದು ನೋಡಿದ ಅತಿವೇಗದ ಚಲನೆಗಳಲ್ಲಿ ಇದೊಂದು. ಬೇರೂರಿ ನಿಂತದ್ದನ್ನು ಜಡ ಎಂದವರು ಯಾರು?

ಗಿಡಗಳಿಗೂ ಗಂಡು ಹೆಣ್ಣೆಂಬುದಿದೆ ಎಂದು ಪ್ರಯೋಗದಿಂದ ತೋರಿಸಿದ ದಾರಿಯಲ್ಲೂ ಹಿಪ್ಪುನೇರಳೆ ಇದೆ. ಜರ್ಮನಿಯ ಟ್ಯೂಬಿಂಗನ್‌ನ ರುಡಾಲ್ಫ್ ಕಮೆರಾರಿಯಸ್, ಗಂಡು ಮರ ಹತ್ತಿರವಿಲ್ಲದ ಹೆಣ್ಣು ಹಿಪ್ಪುನೇರಳೆ ಹಣ್ಣು ಬಿಟ್ಟರೂ ಬೀಜ ಜೊಳ್ಳಾಗುವುದನ್ನು ಗಮನಿಸಿದ. ಬೇರೆ ಗಿಡಗಳಲ್ಲೂ ಗಂಡನ್ನು ದೂರವಿಟ್ಟು ಪರೀಕ್ಷಿಸಿ, 1694ರಲ್ಲಿ ಒಂದು ಪತ್ರದ ರೂಪದಲ್ಲಿ ಎಲ್ಲವನ್ನೂ ಪ್ರಕಟಿಸಿದ. ಅವನನ್ನು ಕಾಡಿದ್ದು ಗಾಂಜಾ ಗಿಡ. ಹೆಣ್ಣನ್ನು ಒಂಟಿಯಾಗಿ ಬೆಳೆಸಿದರೂ ಕೆಲವು ಗಟ್ಟಿ ಬೀಜ ಸಿಕ್ಕವು! ಈಗ ನಮಗೆ ಕಾರಣ ಗೊತ್ತು. ಆ ಗಿಡದ ಪರಾಗ ಗಾಳಿಯಲ್ಲಿ ಬಹುದೂರ ಸಾಗುತ್ತದೆ. ಜೊತೆಗೆ, ಹೆಣ್ಣು ಗಿಡವೇ ಒಮ್ಮೊಮ್ಮೆ ಒಂದೆರಡು ಗಂಡು ಹೂ ಬಿಡುತ್ತದೆ.

ಆ ಗಿಡದಲ್ಲಿ ಗಂಡು ಹೆಣ್ಣು ತಿಳಿಯುವುದು ಗೆಣ್ಣಿನಲ್ಲಿ. ಗಂಡಾದರೆ ಅಲ್ಲಿ ಜೋತಾಡುವ ದುಂಡು ಮೊಗ್ಗು, ಅರಳಿದಾಗ ಐದು ಕೇಸರ. ಹೆಣ್ಣಾದರೆ ಹಸಿರು ಕವಚದಿಂದ ಹೊರಚಾಚಿದ ಎರಡು ಬಿಳಿ ಎಳೆ, ಗಾಳಿಯಲ್ಲಿ ಬರುವ ಪರಾಗ ಹಿಡಿಯಲು. ಪರಾಗ ಚೆಲ್ಲಿದ ಮೇಲೆ ಗಂಡು ಒಣಗಿಹೋಗುತ್ತದೆ, ಬೀಜ ಮಾಗುವವರೆಗೆ ಹೆಣ್ಣು ನಿಲ್ಲುತ್ತದೆ. ಐರ್ಲೆಂಡಿನಲ್ಲಿ ಪರವಾನಗಿ ಇಲ್ಲದೆ ಇದನ್ನು ಬೆಳೆಸುವುದು ಅಪರಾಧ. ಕುತೂಹಲ ತಣಿಸಿಕೊಳ್ಳಲು ಡಾಡರ್ ದಂಡೆಯ ತುರುಚೆಯೇ ಸಾಕು.

ನಮ್ಮ ಊರಿನ ಪಪ್ಪಾಯಿ ತೋಟದವರಿಗೆ ಗಿಡಗಳ ಈ ಗಂಡು ಹೆಣ್ಣಿನ ಭೇದ ಹೊಸದಲ್ಲ. ಹೂ ಬಿಡುವವರೆಗೆ ಗಂಡೋ ಹೆಣ್ಣೋ ತಿಳಿಯದೆಂದು ಗುಂಡಿಗೆ ಎರಡು ಮೂರು ಸಸಿ ನೆಟ್ಟು, ಆಮೇಲೆ ಹೆಚ್ಚಾದ ಗಂಡನ್ನು ಕೀಳುತ್ತಾರೆ. ಎಲ್ಲವನ್ನೂ ಕೀಳುವುದಿಲ್ಲ. ತೋಟದಲ್ಲಿ ಅಲ್ಲೊಂದು ಇಲ್ಲೊಂದು ಗಂಡು ಉಳಿಯಲೇಬೇಕು.

ಟಾಲಾದ ಡೊಮಿನಿಕನ್ ಮಠದ ಅಂಗಳದಲ್ಲಿ ಒಂದು ಹಳೆಯ ಅಕ್ರೋಟು ಮರವಿದೆ. ಎಂಟನೆಯ ಶತಮಾನದಲ್ಲಿ ಇಲ್ಲಿ ಮಠ ಕಟ್ಟಿದ ಸಂತ ಮೇಲ್‌ರೂನ್ ಹೆಸರಿನಲ್ಲೇ ಜನ ಅದನ್ನು ಕರೆಯುತ್ತಾರೆ, ಮರಕ್ಕೆ ಅಷ್ಟು ವಯಸ್ಸಾಗಿರಲಾರದು. ಅಕ್ರೋಟಿನ ಕ್ರಮವೇ ಬೇರೆ: ಒಂದೇ ಮರದಲ್ಲಿ ಗಂಡು ಹೂವೂ ಹೆಣ್ಣು ಹೂವೂ ಇರುತ್ತವೆ, ಆದರೆ ಎರಡೂ ಸಾಮಾನ್ಯವಾಗಿ ಒಟ್ಟಿಗೆ ಪಕ್ವವಾಗುವುದಿಲ್ಲ. ತನ್ನ ಪರಾಗ ತನಗೇ ಬೀಳದಂತೆ ಮರ ಮಾಡಿಕೊಂಡ ಏರ್ಪಾಡಿದು!

ಇನ್ನು ಕ್ರಿಸ್‌ಮಸ್‌ನ ಹಾಲಿ. ಕೆಂಪು ಕಾಯಿ ಬಿಡುವುದು ಹೆಣ್ಣು ಮರ ಮಾತ್ರ. ನರ್ಸರಿಯಲ್ಲಿ ‘ಗೋಲ್ಡನ್ ಕಿಂಗ್’ ಹೆಸರಿನ ಹಾಲಿ ಸಿಗುತ್ತದೆ, ಅದು ಹೆಣ್ಣು. ‘ಸಿಲ್ವರ್ ಕ್ವೀನ್’ ಎಂಬುದು ಗಂಡು. ಹೆಸರು ನಂಬಿ ಕೊಂಡರೆ ಕಾಯಿಗಾಗಿ ಕಾಯುತ್ತಲೇ ಇರಬೇಕು. ಮೇ ತಿಂಗಳಲ್ಲಿ ಬಿಳಿ ಹೂವನ್ನು ಹತ್ತಿರದಿಂದ ನೋಡಿ: ನಡುವೆ ಹಸಿರು ಗುಂಡು ತುಂಬಿಕೊಂಡಿದ್ದರೆ ಹೆಣ್ಣು, ಪರಾಗ ತುಂಬಿದ ನಾಲ್ಕು ಕೇಸರ ಎದ್ದು ಕಂಡರೆ ಗಂಡು.

ನಿಮ್ಮ ಹಿತ್ತಿಲಿನ ಹಾಲಿ ವರ್ಷಗಳಿಂದ ಕಾಯಿ ಬಿಟ್ಟಿಲ್ಲವೆಂದು ಕೊಡಲಿ ಎತ್ತಬೇಡಿ. ಮೊದಲು ಅದರ ಹೂವನ್ನು ನೋಡಿ. ಅದು ಗಂಡಾಗಿದ್ದರೆ, ಬೀದಿಯ ಆಚೆಬದಿಯ ಮರದಲ್ಲಿ ಹಕ್ಕಿಗಳು ಚಳಿಗಾಲದಲ್ಲಿ ತಿನ್ನುವ ಕೆಂಪು ಕಾಯಿಗಳಿಗೆ ಅದೇ ತಂದೆಯಾಗಿರಬಹುದು.