ಹೆದ್ದಾರಿಯ ದಟ್ಟಣೆ ನಿವಾರಣೆ ಮತ್ತು ಸಾರ್ವಜನಿಕ ಸಾಲಪತ್ರ

ಮುಂಬಯಿಯ ಉಪನಗರವಾದ ಕಾಂದಿವಲಿಯ ಪೂರ್ವ ಭಾಗದಲ್ಲಿ ಹಾದುಹೋಗುವ ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯು ಎರಡು ಬಗೆಯ ಸಂಚಾರದ ಹೊರೆಯನ್ನು ಹೊತ್ತಿದೆ. ಅಂಧೇರಿ, ಬಾಂದ್ರಾಗಳ ಕಚೇರಿಗಳಿಗೆ ತೆರಳುವವರ ವಾಹನಗಳು ಒಂದೆಡೆ. ಗುಜರಾತಿನ ಕಡೆಯಿಂದ ಬರುವ ಸರಕು ಲಾರಿಗಳು ಇನ್ನೊಂದೆಡೆ. ಬಾಂದ್ರಾದಿಂದ ದಹಿಸರ್‌ವರೆಗೆ ಸುಮಾರು 25 ಕಿಲೋಮೀಟರ್ ಉದ್ದವಿರುವ ಈ ಮಾರ್ಗವು ಮುಂದೆ ರಾಷ್ಟ್ರೀಯ ಹೆದ್ದಾರಿ 48ನ್ನು ಕೂಡುತ್ತದೆ. ದೆಹಲಿಯಿಂದ ಹೊರಟು ಮುಂಬಯಿ ಪ್ರದೇಶದ ಮೂಲಕ ಪುಣೆ, ಬೆಳಗಾವಿ, ಹುಬ್ಬಳ್ಳಿ, ತುಮಕೂರು, ಬೆಂಗಳೂರುಗಳನ್ನು ದಾಟಿ ಚೆನ್ನೈ ಸೇರುವ ಹೆದ್ದಾರಿಯೂ ಇದೇ ಆಗಿದೆ. ಆದುದರಿಂದ ಕಾಂದಿವಲಿಯ ದಟ್ಟಣೆಯು ಕೇವಲ ಸ್ಥಳೀಯ ಸಮಸ್ಯೆಯಲ್ಲ. ಇದನ್ನು ನಿವಾರಿಸಲು ಬೇಕಾಗುವ ಹಣವನ್ನು ಒದಗಿಸುವವರು ಯಾರು ಎಂಬ ಪ್ರಶ್ನೆಯೂ ಸ್ಥಳೀಯವಾದುದಲ್ಲ.

ಸಾಲಪತ್ರ ಎಂದರೇನು?

ರಸ್ತೆ ಕಾಮಗಾರಿಗಳಿಗೆ ಮುಖ್ಯವಾಗಿ ಮೂರು ಮೂಲಗಳಿಂದ ಹಣ ದೊರೆಯುತ್ತದೆ: ಸರ್ಕಾರದ ಆಯವ್ಯಯ, ಇಂಧನದ ಮೇಲಿನ ಮೇಲ್ತೆರಿಗೆ ಮತ್ತು ಸಾಲ. ಸಾಲ ಪಡೆಯುವ ವಿಧಾನಗಳಲ್ಲಿ ಸಾಲಪತ್ರ, ಅಂದರೆ ಬಾಂಡ್, ಒಂದು. ಸಾರ್ವಜನಿಕ ಸಂಸ್ಥೆಯೊಂದು ಜನರಿಂದಲೂ ಬ್ಯಾಂಕುಗಳಿಂದಲೂ ಹಣ ಪಡೆದು, ಗೊತ್ತಾದ ದರದಲ್ಲಿ ಬಡ್ಡಿ ನೀಡಿ, ಅವಧಿಯ ಕೊನೆಗೆ ಅಸಲನ್ನು ಹಿಂದಿರುಗಿಸುವುದಾಗಿ ಬರೆದುಕೊಡುವ ಪತ್ರವಿದು. ಇದು ದಾನವೂ ಅಲ್ಲ, ತೆರಿಗೆಯೂ ಅಲ್ಲ. ಇಂದು ಪಡೆದ ಹಣವನ್ನು ನಾಳೆ ಯಾರಾದರೊಬ್ಬರು ತೀರಿಸಲೇಬೇಕು.

ಮುಂಬಯಿಯ ಅನುಭವ

ಮುಂಬಯಿಯಲ್ಲಿ 55 ಮೇಲ್ಸೇತುವೆಗಳನ್ನು ನಿರ್ಮಿಸುವ ಯೋಜನೆಯನ್ನು 1990ರ ದಶಕದ ಉತ್ತರಾರ್ಧದಲ್ಲಿ ಕೈಗೆತ್ತಿಕೊಳ್ಳಲಾಯಿತು. 1996ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ರಾಜ್ಯ ರಸ್ತೆ ಅಭಿವೃದ್ಧಿ ನಿಗಮವು ರಾಜ್ಯ ಸರ್ಕಾರದ ಖಾತರಿಯೊಂದಿಗೆ ಸಾಲಪತ್ರಗಳ ಮೂಲಕ ಮಾರುಕಟ್ಟೆಯಿಂದ ಹಣ ಸಂಗ್ರಹಿಸಿತು. ವೆಚ್ಚವನ್ನು ಮರಳಿ ಪಡೆಯಲು ದಹಿಸರ್, ಮುಲುಂಡ್‌ನ ಎರಡು ಕಡೆ, ಐರೋಲಿ ಮತ್ತು ವಾಶಿ, ಹೀಗೆ ಐದು ಪ್ರವೇಶ ಸ್ಥಳಗಳಲ್ಲಿ ಸುಂಕ ವಿಧಿಸಲಾಯಿತು. 2010ರಲ್ಲಿ ಖಾಸಗಿ ಗುತ್ತಿಗೆದಾರ ಸಂಸ್ಥೆಯೊಂದು ನಿಗಮಕ್ಕೆ 2,100 ಕೋಟಿ ರೂಪಾಯಿ ಮುಂಗಡ ನೀಡಿ, 16 ವರ್ಷಗಳ ಸುಂಕ ವಸೂಲಿಯ ಹಕ್ಕನ್ನು ಪಡೆಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮೇಲ್ಸೇತುವೆಗಳು ನಗರದೊಳಗಿನ ಅಡಚಣೆಯನ್ನು ಕಡಿಮೆ ಮಾಡಿದರೂ, ವೆಚ್ಚ ತೀರಿಸಲು ನಿರ್ಮಿಸಿದ ದಹಿಸರ್‌ನ ಸುಂಕದ ಕಟ್ಟೆಯ ಬಳಿಯೇ ವಾಹನಗಳ ದೀರ್ಘ ಸಾಲುಗಳು ನಿಲ್ಲತೊಡಗಿದವು. ಕಾಂದಿವಲಿಯಿಂದ ದಕ್ಷಿಣಕ್ಕೆ ನಿತ್ಯ ಸಂಚರಿಸುವವರು ಈ ಸುಂಕವನ್ನು ಕೊಡಬೇಕಾಗಿರಲಿಲ್ಲ. ಮೀರಾ ರಸ್ತೆ, ವಸಯಿಗಳಿಂದ ಬರುವವರು ಕೊಡಬೇಕಾಗಿತ್ತು. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರವು ಈ ಐದೂ ಸ್ಥಳಗಳಲ್ಲಿ ಲಘು ವಾಹನಗಳಿಗೆ ವಿನಾಯಿತಿ ನೀಡಿತು. ಆದರೆ ಸುಂಕ ರದ್ದಾದ ಮಾತ್ರಕ್ಕೆ ಹೊಣೆ ರದ್ದಾಗುವುದಿಲ್ಲ. ಕಡಿಮೆಯಾದ ವರಮಾನವನ್ನು ಉಳಿದ ವಾಹನಗಳಿಂದಲೋ, ಬೊಕ್ಕಸದಿಂದಲೋ ತುಂಬಿಕೊಡಬೇಕಾಗುತ್ತದೆ.

ಬಡ್ಡಿಯ ಲೆಕ್ಕ

ಉದಾಹರಣೆಗೆ, ಶೇಕಡ 8ರ ಬಡ್ಡಿಯಲ್ಲಿ 1,000 ಕೋಟಿ ರೂಪಾಯಿ ಸಂಗ್ರಹಿಸಲಾಗಿದೆ ಎಂದು ಭಾವಿಸೋಣ. ವರ್ಷದ ಬಡ್ಡಿ 80 ಕೋಟಿ, ಅಂದರೆ ದಿನವೊಂದಕ್ಕೆ ಸುಮಾರು 22 ಲಕ್ಷ ರೂಪಾಯಿ. ಭೂಸ್ವಾಧೀನದ ತೊಡಕಿನಿಂದ ಕಾಮಗಾರಿ ಒಂದು ವರ್ಷ ವಿಳಂಬವಾದರೆ, ಸೇತುವೆಯ ಮೇಲೆ ಒಂದು ವಾಹನವೂ ಓಡದಿದ್ದರೂ 80 ಕೋಟಿ ಬಡ್ಡಿಯನ್ನು ತೆರಬೇಕು. ಆದುದರಿಂದ ಜಾಗ ಮತ್ತು ಅನುಮತಿಗಳು ಸಿದ್ಧವಾಗುವ ಮುನ್ನ ಸಾಲ ಎತ್ತುವುದು ಹಿತಕರವಲ್ಲ.

ರಾಷ್ಟ್ರೀಯ ಹೆದ್ದಾರಿಗಳ ವಿಚಾರದಲ್ಲಿಯೂ ಇದೇ ಪಾಠವಿದೆ. ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಾಲವು 2022ರ ಮಾರ್ಚ್ ವೇಳೆಗೆ ಸುಮಾರು 3.5 ಲಕ್ಷ ಕೋಟಿ ರೂಪಾಯಿಗೆ ಏರಿತ್ತು. ಆಸ್ತಿ ಮಾರಾಟದ ಲಾಭಕ್ಕೆ ತೆರಿಗೆ ವಿನಾಯಿತಿ ನೀಡುವ ಸಾಲಪತ್ರಗಳ ವಿತರಣೆಯನ್ನು ಪ್ರಾಧಿಕಾರವು 2022ರಲ್ಲಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಾಧಿಕಾರವು ಸ್ಥಾಪಿಸಿದ ಹೂಡಿಕೆ ನ್ಯಾಸವು ವಾರ್ಷಿಕ ಶೇಕಡ 8.05ರ ಪ್ರತಿಫಲದ ಸಾಲಪತ್ರಗಳನ್ನು ಸಾರ್ವಜನಿಕರಿಗೆ ನೀಡಿತು. ಕನಿಷ್ಠ ಹೂಡಿಕೆ 10,000 ರೂಪಾಯಿ ಆಗಿದ್ದುದರಿಂದ ಸಾಮಾನ್ಯ ಕುಟುಂಬಗಳಿಗೂ ಇದರಲ್ಲಿ ಪಾಲ್ಗೊಳ್ಳುವ ಅವಕಾಶ ದೊರೆಯಿತು. ಈಗಾಗಲೇ ಸಂಚಾರಕ್ಕೆ ತೆರೆದ ರಸ್ತೆಗಳ ಸುಂಕವೇ ಈ ನ್ಯಾಸದ ವರಮಾನ.

ಕನ್ನಡಿಗರಿಗೆ ಈ ಪದ್ಧತಿ ಹೊಸದೇನಲ್ಲ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ರಾಜ್ಯ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿಗಳ ಸಾಲಪತ್ರಗಳನ್ನು ಹೊರತಂದಿತು. ದೇಶದ ನಗರಾಡಳಿತ ಸಂಸ್ಥೆಗಳಲ್ಲಿ ಇಂತಹ ಪ್ರಯತ್ನ ಅದೇ ಮೊದಲನೆಯದು.

ಸಾರ್ವಜನಿಕರು ತಿಳಿದಿರಬೇಕಾದುದು

ಉಳಿತಾಯದ ಹಣವನ್ನು ತೊಡಗಿಸುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯುವುದು ಅಗತ್ಯ. ಸಾಲ ತೀರಿಸುವ ವರಮಾನ ಯಾವುದು? ಸರ್ಕಾರದ ಖಾತರಿ ಲಿಖಿತವಾಗಿ ಇದೆಯೇ? ಅವಧಿಗೆ ಮುನ್ನ ಹಣ ಬೇಕಾದಲ್ಲಿ ಪತ್ರವನ್ನು ಮಾರಲು ಸಾಧ್ಯವೇ? ಪತ್ರದ ಮೇಲೆ ಸಾರ್ವಜನಿಕ ಸಂಸ್ಥೆಯ ಹೆಸರಿದ್ದ ಮಾತ್ರಕ್ಕೆ ಸರ್ಕಾರದ ಖಾತರಿ ಇದೆ ಎಂದು ಭಾವಿಸಬಾರದು. ಉನ್ನತ ದರ್ಜೆಯೊಂದೇ ಸಾಲದು ಎಂಬುದಕ್ಕೆ 2018ರ ಘಟನೆ ಸಾಕ್ಷಿ: ರಸ್ತೆ ಮುಂತಾದ ಯೋಜನೆಗಳಿಗೆ ಹಣ ಒದಗಿಸುತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಸಂಸ್ಥೆಯು ಅತ್ಯುನ್ನತ ದರ್ಜೆ ಹೊಂದಿದ್ದು, ಕೆಲವೇ ವಾರಗಳಲ್ಲಿ ಸಾಲ ತೀರಿಸಲಾಗದ ಸ್ಥಿತಿಗೆ ಇಳಿಯಿತು.

ಹೂಡಿಕೆ ಮಾಡದವರಿಗೂ ಈ ವಿಷಯ ಸಂಬಂಧಿಸಿದೆ. ಸಾಲಪತ್ರದಿಂದ ರಸ್ತೆ ಬೇಗನೆ ಸಿಗಬಹುದು, ಪುಕ್ಕಟೆಯಾಗಿ ಸಿಗುವುದಿಲ್ಲ. ತಮ್ಮ ಊರಿಗೆ ಮೇಲ್ಸೇತುವೆ ಮಂಜೂರಾದಾಗ ಅದು ಯಾವಾಗ ಮುಗಿಯುವುದೆಂದು ಕೇಳುವ ನಾಗರಿಕರು, ಅದರ ಸಾಲವನ್ನು ಯಾರು, ಎಷ್ಟು ವರ್ಷ ತೀರಿಸಬೇಕೆಂಬುದನ್ನೂ ಕೇಳಿ ತಿಳಿಯುವುದು ಉಚಿತ.