ಚುನಾವಣಾ ಕಮಿಷನರನ್ನು ಆರಿಸುವವರಾರು?

ರಾಜ್ಯಾಧಿಕಾರವು ಶಾಸನಾಂಗ, ಕಾರ್ಯಾಂಗ, ನ್ಯಾಯಾಂಗಗಳೆಂದು ಮೂರಾಗಿ ವಿಭಾಗವಾಗಿರಬೇಕೆಂಬ ತತ್ತ್ವವು ನಮ್ಮ ವಾಚಕರಿಗೆ ಹೊಸದಲ್ಲ. ಈ ಮೂರರಲ್ಲಿ ಯಾವುದರ ಅಂಕೆಗೂ ಒಳಗಾಗದೆ ನಡೆಯಬೇಕಾದ ಸಂಸ್ಥೆಗಳೂ ಕೆಲವುಂಟು. ಅವುಗಳಲ್ಲಿ ಚುನಾವಣಾ ಕಮಿಷನ್ನಿಗೆ ಅಗ್ರಸ್ಥಾನ. ಮಂತ್ರಿಗಳನ್ನು ಅಧಿಕಾರಕ್ಕೇರಿಸುವುದೂ ಇಳಿಸುವುದೂ ಪ್ರಜೆಗಳ ಮತವಾದಮೇಲೆ, ಆ ಮತವನ್ನು ಎಣಿಸತಕ್ಕವರು ಮಂತ್ರಿಗಳ ಅಂಕಿತದವರಾಗಿರಲಾಗದು.

ಕಮಿಷನರನ್ನು ತೆಗೆದುಹಾಕುವ ವಿಷಯದಲ್ಲಿ ರಾಜ್ಯಾಂಗದ 324ನೆಯ ವಿಧಿಯು ಸಾಕಷ್ಟು ಎಚ್ಚರ ವಹಿಸಿತು. ಮುಖ್ಯ ಕಮಿಷನರನ್ನು, ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯುವ ಕ್ರಮದಿಂದಲ್ಲದೆ ತೆಗೆಯುವಂತಿಲ್ಲ. ಮಿಕ್ಕ ಕಮಿಷನರಿಗೆ ಅಷ್ಟು ಭದ್ರತೆಯಿಲ್ಲ. ಮುಖ್ಯ ಕಮಿಷನರ ಶಿಫಾರಸಿದ್ದರೆ ಅವರನ್ನು ತೆಗೆಯಬಹುದು. 1989ರ ಅಕ್ಟೋಬರಿನಲ್ಲಿ ಅಂಥ ಇಬ್ಬರನ್ನು ನೇಮಿಸಲಾಯಿತು. ಸರಕಾರ ಬದಲಾಯಿತು, 1990ರ ಜನವರಿ 1ರಂದು ಆ ಹುದ್ದೆಗಳೇ ರದ್ದಾದವು. ತೆಗೆಯುವ ಗೊಡವೆಯೇ ಬೇಡವೆಂದು ಕುರ್ಚಿಯನ್ನೇ ಎತ್ತಿಬಿಟ್ಟರು! 1991ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು.

ಇನ್ನು ನೇಮಕದ ಮಾತು. 1949ರ ಜೂನ್ ತಿಂಗಳಲ್ಲಿ ರಾಜ್ಯಾಂಗ ರಚನಾ ಸಭೆಯಲ್ಲಿ ಶಿಬ್ಬನ್ ಲಾಲ್ ಸಕ್ಸೇನಾ ಅವರು, ಈ ನೇಮಕಕ್ಕೆ ಪಾರ್ಲಿಮೆಂಟಿನ ಉಭಯ ಸದನಗಳ ಮೂರನೆಯ ಎರಡು ಪಾಲಿನ ಬಹುಮತದ ಒಪ್ಪಿಗೆ ಬೇಕೆಂದು ಸೂಚಿಸಿದ್ದರು. ಅಯೋಗ್ಯನಾಗಲಿ ಕಾರ್ಯಾಂಗದ ಕೈಗೊಂಬೆಯಾಗಲಿ ಆ ಪದವಿಗೆ ಬಾರದಂತೆ ತಡೆಯುವ ಏರ್ಪಾಡು ಇಲ್ಲವೆಂಬುದನ್ನು ಡಾಕ್ಟರ್ ಅಂಬೇಡ್ಕರರೂ ಒಪ್ಪಿಕೊಂಡರು. ಕಡೆಗೆ ಸಭೆಯು, ಪಾರ್ಲಿಮೆಂಟು ಮಾಡುವ ಶಾಸನಕ್ಕೊಳಪಟ್ಟು ರಾಷ್ಟ್ರಪತಿಗಳು ನೇಮಿಸತಕ್ಕದ್ದೆಂದು ಬರೆದು, ಮಿಕ್ಕುದನ್ನು ಮುಂದಿನವರ ವಿವೇಕಕ್ಕೆ ಬಿಟ್ಟಿತು. ಮುಂದಿನವರು ಎಪ್ಪತ್ತು ವರುಷಗಳಿಗೂ ಮೀರಿ ಸುಮ್ಮನಿದ್ದರು. ಆಳುವ ಪಕ್ಷಗಳು ಎಷ್ಟೋ ಬದಲಾದವು. ವಿರೋಧದಲ್ಲಿದ್ದಾಗ ಕಣ್ಣಿಗೆ ಕುಕ್ಕುತ್ತಿದ್ದ ದೋಷವು ಅಧಿಕಾರಕ್ಕೆ ಬಂದೊಡನೆ ಒಬ್ಬರಿಗೂ ಕಾಣದಾಯಿತು.

2022ರ ನವೆಂಬರಿನಲ್ಲಿ ಒಬ್ಬ ಕಮಿಷನರ ನೇಮಕದ ಕಡತವು ಒಂದೇ ದಿನದಲ್ಲಿ ಎಲ್ಲ ಮೇಜುಗಳನ್ನೂ ದಾಟಿತು. ನಮ್ಮ ಕಚೇರಿಗಳ ನಡೆಯನ್ನು ಬಲ್ಲವರಿಗೆ ಇದರ ವೇಗವನ್ನು ವರ್ಣಿಸಬೇಕಾಗಿಲ್ಲ. 2023ರ ಮಾರ್ಚ್ 2ರಂದು ಐವರು ನ್ಯಾಯಮೂರ್ತಿಗಳ ಪೀಠವು, ಪಾರ್ಲಿಮೆಂಟು ಶಾಸನ ಮಾಡುವತನಕ ಪ್ರಧಾನಮಂತ್ರಿ, ಲೋಕಸಭೆಯ ವಿರೋಧಪಕ್ಷದ ನಾಯಕ, ಭಾರತದ ಮುಖ್ಯ ನ್ಯಾಯಮೂರ್ತಿ, ಈ ಮೂವರ ಸಮಿತಿಯ ಸಲಹೆಯಂತೆ ನೇಮಕ ನಡೆಯಲೆಂದು ವಿಧಿಸಿತು. ಶಾಸನ ಮಾಡುವುದು ನ್ಯಾಯಾಸನದ ಕೆಲಸವಲ್ಲವೆಂಬ ಆಕ್ಷೇಪಣೆಯನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಹೊಲವನ್ನು ಬೀಳುಬಿಟ್ಟವನು ನೆರೆಯವನು ಉತ್ತನೆಂದು ದೂರುವುದು ಚೆನ್ನಲ್ಲ.

ಅದೇ ವರುಷದ ಡಿಸೆಂಬರಿನಲ್ಲಿ ಶಾಸನವೇನೋ ಬಂದಿತು. ಮುಖ್ಯ ನ್ಯಾಯಮೂರ್ತಿಗಳ ಸ್ಥಾನದಲ್ಲಿ ಪ್ರಧಾನಮಂತ್ರಿಗಳೇ ಹೆಸರಿಸುವ ಕೇಂದ್ರ ಮಂತ್ರಿಯೊಬ್ಬರನ್ನು ಅದು ಕೂರಿಸಿತು. ಮೂವರಲ್ಲಿ ಇಬ್ಬರು ಸರಕಾರದವರೇ ಆದಮೇಲೆ ಮೂರನೆಯವರು ತಮ್ಮ ಭಿನ್ನಮತವನ್ನು ಬರೆದಿಟ್ಟು ಎದ್ದು ಹೋಗಬಹುದು, ಅಷ್ಟೆ. ಹೀಗೆ ಶಾಸಿಸುವ ಅಧಿಕಾರ ಪಾರ್ಲಿಮೆಂಟಿಗೆ ಉಂಟು, ನಿಜ. 1949ರಲ್ಲಿ ಒಪ್ಪಿಕೊಂಡ ಕೊರತೆಯು ಇದರಿಂದ ತುಂಬಿತೇ ಎಂಬುದು ಬೇರೆಯೇ ಪ್ರಶ್ನೆ. ತುಂಬಲಿಲ್ಲವೆಂದೇ ನಮ್ಮ ಅಭಿಪ್ರಾಯ. ಕಮಿಷನರಾದವರ ಪ್ರಾಮಾಣಿಕತೆಯನ್ನು ನಾವು ಶಂಕಿಸುತ್ತಿಲ್ಲ. ಮುಖ್ಯ ನ್ಯಾಯಮೂರ್ತಿಗಳೇ ಸಮಿತಿಯಲ್ಲಿರಬೇಕೆಂಬ ಹಟವೂ ನಮಗಿಲ್ಲ. ಸಮಿತಿಯಲ್ಲಿ ಮೂವರ ಒಮ್ಮತ ದೊರೆಯದ ಹೆಸರನ್ನು, ಸಕ್ಸೇನಾ ಅವರು ಅಂದೇ ಸೂಚಿಸಿದಂತೆ, ಉಭಯ ಸದನಗಳ ಮುಂದಿಟ್ಟು ಮೂರನೆಯ ಎರಡು ಪಾಲಿನ ಒಪ್ಪಿಗೆಯನ್ನು ಪಡೆಯುವಂತೆ ಶಾಸನವನ್ನು ತಿದ್ದಲಿ.