ಬಂದವರಿಗೆ ಮೊದಲು ನೀರು

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಕಾಫಿ, ತಿಂಡಿ, ಯೋಗಕ್ಷೇಮ ಎಲ್ಲ ಆಮೇಲೆ. ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ ನಮಗೊಂದು ಸಣ್ಣ ಜಮೀನಿದೆ. ಕಳೆದ ಬೇಸಿಗೆಯಲ್ಲಿ ಸಂಘದ ಒಂಬತ್ತು ಕುಟುಂಬಗಳು ಅಲ್ಲಿಗೆ ಡೇರೆ ಹಾಕಲು ಬಂದಾಗಲೂ ನಾವು ಮಾಡಿದ್ದು ಅದನ್ನೇ. ಹಳೆಯ ಬಾವಿಯ ಕೈಪಂಪು ಒತ್ತಿದರೆ ಹಲ್ಲು ಜುಮ್ಮೆನ್ನುವ ತಣ್ಣಗಿನ ನೀರು, ಗಾಜಿನಷ್ಟು ತಿಳಿ. "ಊರಿನ ಬಾವಿ ನೆನಪಾಯಿತು" ಎಂದು ಹಿರಿಯರೊಬ್ಬರು ಎರಡು ಲೋಟ ಕುಡಿದರು. ನಮಗೆ ಹೆಮ್ಮೆಯೋ ಹೆಮ್ಮೆ.

ಬಂದವರಲ್ಲಿ ಮೂರು ತಿಂಗಳ ಕೂಸೊಂದಿತ್ತು. ಅದರ ಹಾಲಿನ ಪುಡಿ ಕಲಸಲು ಅದೇ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಕೊಟ್ಟೆವು. ಕುದಿಸಿದ ಮೇಲೆ ಇನ್ನೇನು ಭಯ?

ಎರಡು ವಾರ ಕಳೆದು, ಅಲ್ಲೊಂದು ಪುಟ್ಟ ಮನೆ ಕಟ್ಟುವ ಯೋಚನೆ ಬಂದು ನೀರನ್ನು ಪರೀಕ್ಷೆಗೆ ಕಳುಹಿಸಿದೆವು. ವರದಿಯಲ್ಲಿ ಎರಡು ದೋಷಗಳಿದ್ದವು. ಒಂದು, ಕೋಲಿಫಾರ್ಮ್ ಬ್ಯಾಕ್ಟೀರಿಯ. ಇನ್ನೊಂದು, ನೈಟ್ರೇಟ್: ನೈಟ್ರೋಜನ್ ಲೆಕ್ಕದಲ್ಲಿ ಲೀಟರಿಗೆ 14 ಮಿಲಿಗ್ರಾಂ. ಈ ದೇಶದ ಮಿತಿ 10. ಪಕ್ಕದ ಜೋಳದ ಹೊಲದ ಗೊಬ್ಬರ ಮಳೆಯೊಡನೆ ನೆಲಕ್ಕೆ ಇಳಿದಿರಬೇಕು.

ಬ್ಯಾಕ್ಟೀರಿಯ ಕುದಿಸಿದರೆ ಸಾಯುತ್ತದೆ. ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಆರು ತಿಂಗಳೊಳಗಿನ ಕೂಸುಗಳಲ್ಲಿ ಅದು ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕುಂದಿಸಿ ಮೈ ನೀಲಿಯಾಗುವ ಕಾಯಿಲೆ ತರಬಲ್ಲದು. ನಾವು ಅಕ್ಕರೆಯಿಂದ ಮಾಡಿದ್ದೇ ತಪ್ಪಾಗಿತ್ತು! ಆ ರಾತ್ರಿ ಕೂಸಿನ ತಾಯಿಗೆ ಫೋನು ಮಾಡುವಾಗ ನಮ್ಮ ಕೈ ನಡುಗಿತು. ದೇವರ ದಯೆ, ಮಗು ಚೆನ್ನಾಗಿತ್ತು. ಉಳಿದ ಎಂಟು ಮನೆಗಳಿಗೂ ಫೋನು ಮಾಡಿ ಕ್ಷಮೆ ಕೇಳಿದೆವು.

ಇದು ಬರಿಯ ಪುಕ್ಕಲುತನವಲ್ಲ. ಇದೇ ರಾಜ್ಯದ ವಾಷಿಂಗ್ಟನ್ ಕೌಂಟಿಯ ಜಾತ್ರೆಯಲ್ಲಿ 1999ರ ಆಗಸ್ಟಿನಲ್ಲಿ ಕ್ಲೋರಿನ್ ಹಾಕದ ಬಾವಿಯ ನೀರಿನಿಂದ ನೂರಾರು ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು.

ವರ್ಷಕ್ಕೆ 60 ದಿನವಾದರೂ 25 ಜನಕ್ಕೆ ನೀರೊದಗಿಸುವ ಶಿಬಿರತಾಣಗಳು 1974ರ ಸುರಕ್ಷಿತ ಕುಡಿಯುವ ನೀರಿನ ಕಾಯಿದೆಗೆ ಒಳಪಡುತ್ತವೆ. ಅವು ಪರೀಕ್ಷೆ ಮಾಡಿಸಲೇಬೇಕು. ನಮ್ಮಂಥವರ ಖಾಸಗಿ ಬಾವಿ ಆ ಕಾಯಿದೆಯ ಹೊರಗೆ. ನೋಡಿಕೊಳ್ಳಬೇಕಾದವರು ಬಾವಿಯ ಒಡೆಯರೇ.

ಈಗ ಬಾವಿಗೆ ಹೊಸ ಮುಚ್ಚಳ ಹಾಕಿಸಿ, ಕ್ಲೋರಿನ್ನಿನಿಂದ ಶುದ್ಧಿ ಮಾಡಿಸಿದ್ದೇವೆ. ಮರುಪರೀಕ್ಷೆಯಲ್ಲಿ ಬ್ಯಾಕ್ಟೀರಿಯ ಇಲ್ಲ; ನೈಟ್ರೇಟ್ ಹಾಗೇ ಇದೆ. ಆದ್ದರಿಂದ ಬಾವಿಯ ನೀರು ಸ್ನಾನಕ್ಕೆ, ಪಾತ್ರೆಗೆ ಮಾತ್ರ. ಪಂಪಿಗೆ "ಕುಡಿಯಬಾರದು" ಎಂದು ಎರಡು ಭಾಷೆಯಲ್ಲಿ ಹಲಗೆ ಕಟ್ಟಿದ್ದೇವೆ. ಕುಡಿಯಲು, ಅಡಿಗೆಗೆ ಪಟ್ಟಣದ ನಲ್ಲಿಯ ನೀರು ತರುತ್ತೇವೆ. ತಲೆಗೆ ದಿನಕ್ಕೆ ಒಂದು ಗ್ಯಾಲನ್ ಎಂದರೂ 36 ಜನಕ್ಕೆ ಎರಡು ದಿನಕ್ಕೆ 72 ಗ್ಯಾಲನ್. ಐದು ಗ್ಯಾಲನ್ನಿನ ಹದಿನೈದು ಡಬ್ಬಗಳು. ಒಂದೊಂದೂ ಸುಮಾರು 42 ಪೌಂಡು! ತುಂಬಿಸಲು ತೋಟದ ರಬ್ಬರು ಕೊಳವೆ ಬೇಡ. ಕುಡಿಯುವ ನೀರಿಗೆಂದೇ ಮಾರುವ ಕೊಳವೆ ಬೇಕು.

ಬೇಸಿಗೆ ಮನೆ, ತೋಟ ಇರುವ ಸದಸ್ಯರಲ್ಲಿ ನಮ್ಮದೊಂದು ಬಿನ್ನಹ. ಪ್ರತಿ ವಸಂತದಲ್ಲೂ, ನೆಂಟರನ್ನು ಕರೆಯುವ ಮುಂಚೆ, ಕೋಲಿಫಾರ್ಮ್ ಮತ್ತು ನೈಟ್ರೇಟ್ ಎರಡನ್ನೂ ಪರೀಕ್ಷೆ ಮಾಡಿಸಿ. ತಿಳಿಯಾಗಿದೆ, ತಣ್ಣಗಿದೆ ಎಂದು ನಂಬಬೇಡಿ.

ಈ ಬೇಸಿಗೆಯಲ್ಲೂ ಎಲ್ಲರೂ ಬನ್ನಿ. ಆ ಕೂಸಿನ ಮನೆಯವರೂ ಬರುತ್ತೇವೆ ಎಂದಿದ್ದಾರೆ. ಬೆಲ್ಲ ನಮ್ಮದು, ನೀರು ಪಟ್ಟಣದ್ದು. ಡಬ್ಬ ಹೊರಲು ಒಂದಿಬ್ಬರು ಗಟ್ಟಿಗರು ಮಾತ್ರ ಬೇಗ ಬರಬೇಕು!